ಹಕ್ಕಸೋಡದ ಮೇಲಿನ ಸಹಿ

ಅಕ್ಕಲಕೋಟ
ಗುರುವಾರ, ೧೧ ಸಪ್ಟೆಂಬರ್ ೨೦೨೫

ನನ್ನ ಶ್ರದ್ಧಾ,

ಅಕ್ಕನ ಆಶೀರ್ವಾದ. ಅವ್ವ ಊರಲ್ಲಿ ನಿನ್ನ ಅಣ್ಣ ಯೋಗಿರಾಜನ ಹತ್ತಿರ ಸುಖವಾಗಿದ್ದಾಳೆ. ನನ್ನ ಸುಖದ ಮಾತು ಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿಗೆ ಸುಳ್ಳೇ ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಮಯೂರಿ ಸೋಲಾಪುರಕ್ಕೆ ಕಾಲೇಜಿಗೆ ಬರುತ್ತಾಳಲ್ಲ, ಅವಳ ಕೈಯಲ್ಲಿ ಕೊಡುತ್ತೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.

ಭಾನುವಾರದ ಸಭೆಗೆಂದು ನೀನು ಬರೆದು ಕಳಿಸಿದ ಭಾಷಣ ಓದಿದೆ. ಕಾಯ್ದೆಯಲ್ಲಿ ಹೆಣ್ಣು ಎಂದರೆ ಯಾರು, ಅದನ್ನು ದೇಹ ನೋಡಿ ಡಾಕ್ಟರು ಹೇಳಬೇಕೋ ಆಕೆಯೇ ಹೇಳಬೇಕೋ ಎಂದು ಟಿವಿಯಲ್ಲೂ ಜಗಳ ನಡೆದೇ ಇರುತ್ತದೆ. ನಿನ್ನ ಭಾವ ಊಟ ಮಾಡುತ್ತ ಎರಡೂ ಕಡೆಯವರನ್ನು ಬೈಯುತ್ತಾರೆ. ಭಾಷಣ ಚೆನ್ನಾಗಿದೆ. ಆದರೆ ಕೊನೆಗೆ ಬರೆದಿದ್ದೀಯಲ್ಲ, 'ದೊಡ್ಡವರು ಇನ್ನೂ ವಾದ ಮಾಡುತ್ತಿದ್ದಾರೆ, ನನ್ನ ಮನೆಯವರು ಎಂದೋ ತೀರ್ಮಾನ ಮಾಡಿದರು; ಅಪ್ಪನ ಹೊಲದ ಪಾಲು ಬಿಟ್ಟುಕೊಟ್ಟ ಹಕ್ಕಸೋಡ ಪತ್ರದಲ್ಲಿ ನಾನು ಮಗಳೆಂದು ಸಹಿ ಮಾಡಿದ್ದೇನೆ' ಎಂದು. ಅದನ್ನು ಓದಿ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

ಆ ಮಾತು ಹೇಳಬೇಡ, ಶ್ರದ್ಧಾ. ಯಾಕೆ ಎಂದು ಹೇಳುತ್ತೇನೆ.

ಅಪ್ಪ ತೀರಿದ ಮೇಲೆ ತಲಾಠಿ ಹೊಲದ ದಾಖಲೆಗೆ ವಾರಸದಾರರ ಹೆಸರು ಕೇಳಿದ. ಯೋಗಿರಾಜ ನಿನ್ನ ಹಳೆಯ ಹೆಸರನ್ನೇ ಬರೆಸಲು ಹೋದ. ಆಗಲಿಲ್ಲ. ಕಲೆಕ್ಟರ್ ಕಚೇರಿಯ ಪ್ರಮಾಣಪತ್ರದಲ್ಲಿ, ಆಧಾರ್ ಕಾರ್ಡಿನಲ್ಲಿ, ಎಲ್ಲ ಕಡೆ ಶ್ರದ್ಧಾ, ಸ್ತ್ರೀ ಎಂದೇ ಇತ್ತು. ಅಲ್ಲಿಯವರೆಗೆ 'ಸರಕಾರ ಹೆಣ್ಣ ಅಂದ್ರ ನಾನೂ ಅನ್ನಬೇಕೇನು' ಎನ್ನುತ್ತಿದ್ದವನು ಆ ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ನಕ್ಕ. 'ಚಲೋನ ಆತು ಬಿಡಕ್ಕಾ. ತಮ್ಮ ಇದ್ದಿದ್ರ ಪಾಲ ಕೇಳ್ತಿದ್ದ. ತಂಗಿ ಅಂದ್ರ ಸಹಿ ಮಾಡ್ತಾಳ' ಎಂದ.

ಪಾಲು ಎಲ್ಲ ಮಕ್ಕಳಿಗೂ ಸಮ ಎಂದು ಕಾಯ್ದೆ ಇದೆ. ಗಂಡಾದರೂ ಹೆಣ್ಣಾದರೂ ನಿನ್ನದು ನಿನ್ನದೇ ಆಗಿತ್ತು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ತವರಿನ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಸಹಿ ಮಾಡುವುದು ನಮ್ಮ ಕಡೆಯ ಹೆಣ್ಣುಮಕ್ಕಳ ರೂಢಿ ಅಷ್ಟೇ. ರೂಢಿಯನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕಲ್ಲ. ಅವನು ನನ್ನನ್ನು ಕಳಿಸಿದ, ನಾನು ಬಂದೆ.

ನಿನ್ನ ಖೋಲಿಯಲ್ಲಿ ಕುಳಿತು, 'ತವರು ಬೇಕಂದ್ರ ಹೊಲ ಬಿಡಬೇಕು ತಂಗಿ. ನಾನೂ ಬಿಟ್ಟೀನಿ. ಹೆಣ್ಣಮಕ್ಕಳ ರೀತಿನ ಇದು' ಎಂದೆ. ಇಪ್ಪತ್ತಾರು ವರ್ಷ ತಮ್ಮ ಎಂದು ಕರೆದವಳು ನಾನು. ಆಮೇಲೆ ಮೂರು ವರ್ಷ ಏನೂ ಕರೆಯದೆ ಮಾತು ಮುಗಿಸುತ್ತಿದ್ದೆ. ತಂಗಿ ಎಂದದ್ದು ಅದೇ ಮೊದಲು. ನೀನು ಹೊಲಿಯುತ್ತಿದ್ದ ಯುನಿಫಾರ್ಮು ಪಕ್ಕಕ್ಕಿಟ್ಟು ಅತ್ತೆ. ಎಷ್ಟು ಎಕರೆ ಎಂದು ಕೂಡ ಕೇಳಲಿಲ್ಲ.

ನೋಂದಣಿ ಕಚೇರಿಯಲ್ಲಿ 'ಶಂಕರೆಪ್ಪನ ಮಗಳು ಶ್ರದ್ಧಾ' ಎಂದು ಓದಿದರು. ನೀನು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕುಳಿತೆ, ಉಳಿದ ಹಾಳೆ ತಿರುವಲೇ ಇಲ್ಲ. ಹೊರಗೆ ಯೋಗಿರಾಜ ನಿನಗೆ ಸೀರೆ-ಕುಪ್ಪಸ ಕೊಟ್ಟ. ಅದನ್ನು ಬಜಾರದಿಂದ ತಂದು ಅವನ ಕೈಗೆ ತುರುಕಿದವಳು ನಾನು. ಅಣ್ಣ ಬಣ್ಣ ಚಲೋ ಆರಿಸಿದ್ದಾನೆ ಎಂದು ನೀನು ಬಸ್ಸಿನಲ್ಲಿ ಹೇಳಿದೆ, ನಾನು ಹೌದೆಂದೆ.

ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆಂದು ಚೀಲ ಕಟ್ಟಿಕೊಂಡು ಕುಳಿತಿದ್ದೆಯಲ್ಲ, ಅವನ ಗಾಡಿ ಕೆಟ್ಟಿದೆ ಎಂದು ನಾನು ಹೇಳಿದೆ. ಗಾಡಿ ಕೆಟ್ಟಿರಲಿಲ್ಲ. ಅದೇ ಗಾಡಿಯಲ್ಲಿ ನನ್ನನ್ನು ಕರೆದೊಯ್ದ. ನಾನು ನಿನ್ನ ಹೆಸರು ಎತ್ತಿದಾಗ 'ಮಂದಿ ಏನಂತಾರ' ಎಂದ. ಅವ್ವ ನಿನಗೆಂದು ಶೇಂಗಾ ಉಂಡಿ ಕಟ್ಟಿಕೊಟ್ಟಳು. ಕಳಿಸಿದರೆ ನಾನು ಊರಿಗೆ ಹೋಗಿದ್ದು ತಿಳಿದು ನನ್ನ ಸುಳ್ಳು ಹೊರಬೀಳುತ್ತದೆಂದು ಓಣಿಯ ಮಕ್ಕಳಿಗೆ ಹಂಚಿದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಕಾಯ್ದೆ ಏನಾದರೂ ಬರೆದುಕೊಳ್ಳಲಿ. ಹೊಲ ಬಿಡಿಸಲು ನಿನ್ನನ್ನು ಹೆಣ್ಣು ಮಾಡಿದೆವು, ಹಬ್ಬಕ್ಕೆ ಕರೆಯುವಾಗ ಯಾರೂ ಅಲ್ಲ ಎಂದೆವು. ಅದನ್ನು ನೀನು ಪ್ರೀತಿ ಎಂದು ನೂರು ಜನರ ಮುಂದೆ ಹೇಳಿದರೆ ನಾನು ತಡೆದುಕೊಳ್ಳಲಾರೆ. ಹೇಳುವುದಾದರೆ ನಡೆದದ್ದನ್ನೇ ಹೇಳು, ನನ್ನ ಹೆಸರು ಹಿಡಿದೇ ಹೇಳು. ನಾನು ಬಂದು ಎದುರಿಗೆ ಕುಳಿತಿರುತ್ತೇನೆ. ನೀನು ಮುಖ ತಿರುಗಿಸಿದರೂ ಮುಗಿಯುವವರೆಗೆ ಏಳುವುದಿಲ್ಲ.

ನಿನ್ನ ಅಕ್ಕ ಎನ್ನಿಸಿಕೊಳ್ಳಲು ಇನ್ನೂ ಆಸೆಯಿರುವ,
ನೀಲಗಂಗಾ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳನ್ನು ಹಾಗೇ ಬಿಟ್ಟಿದ್ದೆ. ನಾನು ಪಾಲು ಬಿಟ್ಟಿಲ್ಲ. ನಿನ್ನಿಂದ ಸಹಿ ಮಾಡಿಸಿಕೊಟ್ಟರೆ ನನ್ನ ಪಾಲಿನ ತಂಟೆಗೆ ಬರುವುದಿಲ್ಲ ಎಂದು ಯೋಗಿರಾಜ ಮಾತು ಕೊಟ್ಟಿದ್ದ. ಹೊಲದ ಉತಾರಾದಲ್ಲಿ, ಮಾಲೀಕರ ಸಾಲಿನಲ್ಲಿ, ನನ್ನ ಹೆಸರು ಇವತ್ತಿಗೂ ಇದೆ. ನಮ್ಮ ಮನೆಯಲ್ಲಿ ಮಗಳೆಂದು ಸಹಿ ಮಾಡಿದವಳು ನೀನೊಬ್ಬಳೇ.