ಹುರುಳಿ ಬಳ್ಳಿಯ ಮೇಲೆ ಇನ್ನೊಂದು ಸುತ್ತು

ಡಿಸೆಂಬರ್ 12, ಗುರುವಾರ. ಹರಪನಹಳ್ಳಿ

ಬ್ಯಾಂಕಿನಿಂದ ಬಂದವಳೇ ಚಹಾಕ್ಕೂ ಮೊದಲು ಕಾರಿನ ಟಯರ್ ನೋಡಿದೆ. ಇಪ್ಪತ್ತೆರಡಕ್ಕೆ ರೇಸು. ಹೆಂಗಸರ ವಿಭಾಗ, ದಾವಣಗೆರೆ ಹತ್ತಿರದ ಮಣ್ಣಿನ ಟ್ರ್ಯಾಕು. ನನ್ನದು ಹಳೇ ರಿಯರ್-ವೀಲ್ ಡ್ರೈವ್. ಹಿಂದಿನ ಚಕ್ರ ತಳ್ಳುತ್ತದೆ, ತಿರುವಿನಲ್ಲಿ ಬಾಲ ಬೀಸುತ್ತದೆ. ಆಗಲೇ ಡ್ರೈವಿಂಗ್ ಅನ್ನಿಸುವುದು.

ಅಣ್ಣ ಬೀರಲಿಂಗೇಶನಿಗೆ ಹೊಸ ಹುಚ್ಚು — ಆಲ್-ವೀಲ್ ಡ್ರೈವ್. ಟರ್ಬೊ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಸೆಕೆಂಡ್ ಹ್ಯಾಂಡ್ ಆದರೂ ಮದುಮಗಳ ಹಾಗೆ ನೋಡಿಕೊಳ್ಳುತ್ತಾನೆ.

“ಲೇ ಸುಮಾ, ರೇಸಿಗೆ ನಂದು ತಗಂಡು ಹೋಗು. ನಿಂದು ಹೋರಿ ಇದ್ದಂಗ ಐತಿ, ಯಾವಾಗ ಎತ್ತಾಗ ಎಳಿತೈತೋ.”

“ನಿಂದು ಹರಕಿ ಕುರಿ. ಎತ್ತ ಕರದ್ರ ಅತ್ತ ಬರ್ತೈತಿ. ಅದ್ರಾಗ ಏನ್ ಮಜಾ?”

ಊಟ ಮುಗಿದರೂ ಜಗಳ ಮುಗಿಯಲಿಲ್ಲ.

ಡಿಸೆಂಬರ್ 15, ಭಾನುವಾರ. ಬೆಳಿಗ್ಗೆ

ಚಿಗಟೇರಿಗೆ ಹೊರಟೆವು, ಎರಡೂ ಕಾರು. ದೊಡ್ಡವ್ವ ಅಂಜಿನಕ್ಕ ಹೊಲದ ಪಕ್ಕದ ರಸ್ತೆಯ ಮೇಲೆ ಕಿತ್ತ ಹುರುಳಿ ಬಳ್ಳಿ ಹರವಿದ್ದಾಳೆ. ಈ ಕಾಲಕ್ಕೆ ಡಾಂಬರು ರಸ್ತೆಯೇ ನಮಗೆ ಕಣ, ಗಾಡಿಗಳು ಹಾಯ್ದು ಕಾಳು ಉದುರಬೇಕು. “ಬಸ್ಸು ಬರವಲ್ದು. ನೀವಾದ್ರೂ ಬಂದು ನಾಕು ಸುತ್ತು ಹೊಡೀರಿ” ಎಂದು ಫೋನು. ಅಣ್ಣನಿಗೆ ತಕ್ಷಣ ಹೊಳೆಯಿತು — ತೀರ್ಮಾನ ಅಲ್ಲೇ ಆಗಲಿ. ಬಳ್ಳಿಯ ಮೇಲೆ ಯಾರದು ಜಾರುವುದಿಲ್ಲವೋ ಆ ಕಾರು ರೇಸಿಗೆ. ಆಗಲಿ ಅಂದೆ.

ಅದೇ ದಿನ, ಸಂಜೆ. ದಾವಣಗೆರೆ, ಆಸ್ಪತ್ರೆ

ಬರೆಯದಿದ್ದರೆ ತಲೆ ಕೆಡುತ್ತದೆ.

ಮೊದಲು ನನ್ನ ಕಾರು. ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರ ನಿಂತಲ್ಲೇ ಗರಗರ ತಿರುಗಿ ಬಳ್ಳಿ ತೂರಿತು. ಕಾರು ಅಡ್ಡ ತಿರುಗಿತು. ದೊಡ್ಡವ್ವ ಬಿದ್ದು ಬಿದ್ದು ನಕ್ಕಳು. ಅಣ್ಣನದು ನೆಟ್ಟಗೆ ಹೋಗಿ ನೆಟ್ಟಗೆ ಬಂತು. ಸೋತೆ. ಉರಿದುಹೋಯಿತು ನನಗೆ. “ಇನ್ನೊಂದು ಸುತ್ತು ಹೊಡಿ, ಜೋರಾಗಿ ಹೊಡಿ!” — ನಾನೇ ಕೂಗಿದ್ದು. ಹೊಡೆದ.

ಕಾರಿನಡಿಯಿಂದ ಹೊಗೆ. ಧೂಳು ಅಂದುಕೊಂಡೆವು. ಆಮೇಲೆ ಬೆಂಕಿ — ಕಾರಿಗೂ, ಹರವಿದ ಹುರುಳಿಗೂ. ಅಣ್ಣ ಇಳಿಯುತ್ತಿಲ್ಲ! ಸೀಟ್ ಬೆಲ್ಟ್ ಬಿಚ್ಚುತ್ತಿಲ್ಲ. ದೊಡ್ಡವ್ವ ಕುಡುಗೋಲು ಹಿಡಿದು ಓಡಿ ಬೆಲ್ಟ್ ಕೊಯ್ದಳು. ಇಬ್ಬರೂ ಎಳೆದೆವು. ಅವನ ಕೈ, ಕಾಲು... ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಇಲ್ಲಿವರೆಗೆ ಓಡಿಸಿದೆ. ದಾರಿ ನೆನಪಿಲ್ಲ. ಸುಟ್ಟ ವಾಸನೆ ಮಾತ್ರ ನೆನಪಿದೆ.

ಜೀವಕ್ಕೆ ಭಯವಿಲ್ಲ ಅಂದರು ಡಾಕ್ಟರು. ನಂಬಲು ಹೆದರಿಕೆ.

ಡಿಸೆಂಬರ್ 18, ಬುಧವಾರ. ಆಸ್ಪತ್ರೆ

ಮೆಕ್ಯಾನಿಕ್ ಮೈಲಪ್ಪ ಸುಟ್ಟ ಕಾರು ನೋಡಿ ಬಂದ. “ಅಡ್ಯಾಗ ತಿರುಗೋ ಶಾಫ್ಟಿಗೆ ಬಳ್ಳಿ ಸುತ್ಕಂಡೈತ್ರಿ. ಸೈಲೆನ್ಸರ್ ಕೆಂಡ ಆಗಿತ್ತು, ಹತ್ಕಂತು.”

ಅಣ್ಣನಿಗೆ ಹೇಳಿದೆ — ನಾಲ್ಕು ಚಕ್ರಕ್ಕೂ ಬಲ ಒಯ್ಯಬೇಕು, ಅದಕ್ಕೇ ಅಷ್ಟೊಂದು ಶಾಫ್ಟು, ಅದಕ್ಕೇ ಬೆಂಕಿ. ನನ್ನದಕ್ಕೆ ಏನಾದರೂ ಆಯಿತಾ? ಇಂಥ ಹೊತ್ತಲ್ಲೂ ನನಗೆ ಗೆಲ್ಲುವ ಚಪಲ. ಅವನು ಬ್ಯಾಂಡೇಜಿನ ಕೈ ಎತ್ತಿದ.

“ಆತು ಬಿಡವ್ವ, ನೀನ ಗೆದ್ದಿ. ನಿನ್ನ ಹೋರಿ ತಗಂಡು ಹೋಗು.”

ಅವನೆದುರು ಅಳಬಾರದು ಅಂದುಕೊಂಡಿದ್ದೆ. ಅತ್ತುಬಿಟ್ಟೆ.

ಡಿಸೆಂಬರ್ 22, ಭಾನುವಾರ. ಟ್ರ್ಯಾಕಿನಲ್ಲಿ

ರೇಸಿಗೆ ಮೊದಲು ಕಾರನ್ನು ಜಾಕಿ ಹಾಕಿ ಎತ್ತಿ ಅಡಿಯೆಲ್ಲ ತಪಾಸಣೆ. ನೋಡುತ್ತಿದ್ದವನು ಕರೆದ. “ಮೇಡಂ, ಇದೇನ್ರಿ ಇದು?”

ಬಗ್ಗಿ ನೋಡಿದೆ. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ತುಂಬ ಹುರುಳಿ ಬಳ್ಳಿ. ಬಿಗಿದು ಸುತ್ತಿಕೊಂಡಿದೆ. ಸೈಲೆನ್ಸರಿನ ಕಡೆಯದು ಪೂರ್ತಿ ಕರಕಲು. ಬೆಂಕಿ ಹಿಡಿದು, ಅದೇಕೋ ತಾನಾಗಿ ಆರಿದೆ.

ನನ್ನದಕ್ಕೂ.

ಚಿಗಟೇರಿಯಿಂದ ದಾವಣಗೆರೆವರೆಗೆ, ಆ ವೇಗದಲ್ಲಿ! ಅದರ ಮೇಲೇ ಅಣ್ಣ ಮಲಗಿದ್ದ. ಈಗ ನೆನಪಾಗುತ್ತಿದೆ, ದಾರಿಯಲ್ಲಿ ಅವನು ಅಂದಿದ್ದ — “ಸುಮಾ, ಸುಟ್ಟ ವಾಸನಿ ಬರಾಕತ್ತೈತಲೇ...”

“ನಿನ್ನ ಅಂಗಿದು, ಸುಮ್ನ ಮಲಕ್ಕೊ” ಅಂದಿದ್ದೆ.

ಮೈಕಿನಲ್ಲಿ ನನ್ನ ಹೆಸರು ಕರೆಯುತ್ತಿದ್ದಾರೆ. ನಾನು ಮೊದಲು ಅಣ್ಣನಿಗೆ ಫೋನು ಮಾಡಬೇಕು.