ಬಾಯಿಗೆ ಬಾರದ ಹೆಸರು

ಸುಂಟಿಕೊಪ್ಪ
ಜನವರಿ ೧೯, ಭಾನುವಾರ

ಮುನಿಸಿಕೊಂಡು ಫೋನಿಟ್ಟ ನನ್ನ ಕಾವ್ಯಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ. ನಿನ್ನ ಮಡಿಲಲ್ಲಿರುವ ನಮ್ಮ ಅಯ್ಯನ ಎರಡೂ ಕೆನ್ನೆಗೆ ಮುತ್ತು.

ಮೊನ್ನೆ ನೀನು ಅಷ್ಟು ಜೋರು ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ. ಇಲ್ಲ ಅಂದರೆ, ಸ್ವಲ್ಪ ಇದೆ. ಫೋನಿನಲ್ಲಿ ಹೇಳಲು ಹೋದರೆ ನಾನೂ ಅಳುತ್ತೇನೆ, ನೀನೂ ಅಳುತ್ತೀಯೆ, ಮಗು ಹೆದರುತ್ತದೆ. ಅದಕ್ಕೇ ಬರೆಯಲು ಕೂತೆ. ಪಕ್ಕದ ಮನೆ ಅಶ್ವಿತಾ ಇದರ ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಹಾಕುತ್ತಾಳೆ. ಓದಬೇಡ ಕಣೇ ಎಂದಿದ್ದೇನೆ. ಓದೇ ಓದುತ್ತಾಳೆ, ಓದಲಿ ಬಿಡು.

ನೀನು ಕೇಳಿದ್ದೇನೂ ದೊಡ್ಡದಲ್ಲ. ಆ ಐರ್ಲೆಂಡಿನಲ್ಲಿ ಮಗುವಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಕರೆಯುತ್ತಾರೆ. ನಿನ್ನ ಜೊತೆಯ ನರ್ಸುಗಳು ಬರೆದದ್ದನ್ನು ನೋಡಿ ಜಿರಿ ಎಂದರು. ನಿನ್ನ ಅತ್ತೆ ರಾಗ ಎಳೆದು ಗೀರೀ ಎನ್ನುತ್ತಾರೆ. ಮಗು ನೋಡಿಕೊಳ್ಳುವ ಸ್ಪೇನಿನ ಹೆಂಗಸಿಗೆ ಅದು ಹಿರಿ. ಅಳಿಯಂದಿರು ಬ್ರೆಂಡನ್, ಪಾಪ, ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ತೀರಿಹೋದ ಅಪ್ಪನ ಹೆಸರೆಂದು ಆಸೆಯಿಂದ ಇಟ್ಟವಳು ನೀನು. ಅವ್ವ, ನಿನ್ನ ಬಾಯಲ್ಲಿ ಸರಿಯಾಗಿ ಗಿರಿ ಅಂತ ಹೇಳಿ ರೆಕಾರ್ಡ್ ಮಾಡಿ ಕಳಿಸು, ಎಲ್ಲರಿಗೂ ಅದನ್ನೇ ಕಲಿಸುತ್ತೇನೆ ಎಂದೆ.

ನಾನು ಕಳಿಸಿದೆ. ಆದರೆ ಅದು ನನ್ನ ದನಿಯಲ್ಲ. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಮಾರಿಯನ್ನು ಕರೆದು, ಒಂದು ಸಲ ನಮ್ಮೋರ ಹೆಸರು ಹೇಳೇ ಎಂದು ಫೋನನ್ನು ಅವಳ ಬಾಯಿಗೆ ಹಿಡಿದೆ. ಅವಳ ತಮಿಳು ನಾಲಿಗೆಗೆ ನಿಮ್ಮಪ್ಪ ಯಾವತ್ತೂ ಕಿರಿ ರೈಟರು. ಅಷ್ಟು ವರ್ಷ ಅವರು ಎಸ್ಟೇಟಿನಲ್ಲಿ ಹಾಜರಿ ಬರೆದರಲ್ಲ, ಅಷ್ಟು ವರ್ಷವೂ ಅದನ್ನು ಕೇಳಿ ಕೇಳಿ ನನ್ನ ಕಿವಿಗೆ ಅದೂ ಅವರ ಹೆಸರೇ ಆಗಿಬಿಟ್ಟಿತ್ತು. ತಪ್ಪಿದೆ ಎಂದು ಹೊಳೆಯಲೇ ಇಲ್ಲ ಕಣೇ. ನಿನ್ನ ಅತ್ತೆ ಅದನ್ನೇ ಶ್ರದ್ಧೆಯಿಂದ ಕಲಿತು, ಚರ್ಚಿಗೆ ಬಂದವರ ಮುಂದೆಲ್ಲ ಮೊಮ್ಮಗನನ್ನು ಕಿರಿ ಕಿರಿ ಎಂದು ಕರೆದರಂತೆ. ಆ ತಾಯಿಗೆ ನನ್ನ ಕ್ಷಮೆ ತಿಳಿಸು. ನಗಬೇಡ.

ನೀನು ನಗಲಿಲ್ಲ. ನನ್ನ ಮಗನ ಹೆಸರು ಹೇಳಲು ನಿನಗೆ ಬಾಯಿಯೂ ಇಲ್ಲವಾ, ನಾನು ಬ್ರೆಂಡನ್‌ನನ್ನು ಕಟ್ಟಿಕೊಂಡದ್ದು ಇನ್ನೂ ಹೊಟ್ಟೆಯಲ್ಲಿದೆಯಾ ಎಂದು ಕೇಳಿದೆ. ಬರುವ ಶುಕ್ರವಾರ ನೋಂದಣಿ ಕಚೇರಿಗೆ ಹೋಗಿ ಎಲ್ಲರ ಬಾಯಿಗೂ ಸಲೀಸಾಗುವ ಲಿಯೊ ಎಂಬ ಹೆಸರು ಬರೆಸಿಬಿಡುತ್ತೇವೆ ಎಂದೆ. ನಾಮಕರಣದ ದಿನ ವಿಡಿಯೋದಲ್ಲಿ ಹೆಸರು ಕರೆಯುವ ನಿನ್ನ ಸರದಿ ಬಂದಾಗಲೂ ನೆಟ್‌ವರ್ಕ್ ಹೋಯಿತು ಎಂದೆಯಲ್ಲ ಎಂದೂ ಕೇಳಿದೆ. ಅವತ್ತು ನೆಟ್‌ವರ್ಕ್ ಚೆನ್ನಾಗಿತ್ತು. ಕೆಂಪು ಗುಂಡಿ ಒತ್ತಿದವಳು ನಾನೇ.

ಆದರೆ ಅಳಿಯಂದಿರ ಮೇಲೆ ಆಣೆ, ಕಾರಣ ಅವರಲ್ಲ. ನಾನು ನಿಮ್ಮಪ್ಪನ ಹೆಸರನ್ನು ಹುಟ್ಟಿದಾಗಿನಿಂದ ಇವತ್ತಿನವರೆಗೆ ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ, ನೋಡು, ಬರೆಯುತ್ತಲೇ ಇದ್ದೇನೆ. ಹೇಳಬಾರದು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಮ್ಮವ್ವ ಹಾಸನದಲ್ಲಿ ಚಿಕ್ಕಂದಿನಲ್ಲೇ ತಲೆಗೆ ತುಂಬಿದ್ದಳು. ಮದುವೆಯಾಗಿ ಬಂದ ದಿನ ನಿಮ್ಮಪ್ಪನ ಅಕ್ಕತಂಗಿಯರು ಹೊಸ್ತಿಲಲ್ಲಿ ಅಡ್ಡ ನಿಂತು, ಹೆಸರು ಹೇಳು, ಒಳಗೆ ಬಿಡ್ತೀವಿ ಎಂದು ಸತಾಯಿಸಿದರು. ನಾನು ಕಲ್ಲಿನ ಹಾಗೆ ನಿಂತೆ. ಕೊನೆಗೆ ನಿಮ್ಮಜ್ಜಿಯೇ, ಕೂಸು ಸುಸ್ತಾಗೈತೆ ಬಿಡ್ರೇ ಅತ್ಲಾಗಿ ಎಂದು ಒಳಗೆ ಕರೆದುಕೊಂಡರು. ನಿನಗೆ ನೆನಪಿದೆಯಾ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ನಾನು ಬಸ್ಸಿನಲ್ಲಿ ಬಿಳಿರಂಗನ ಬೆಟ್ಟ ಎಂದು ಟಿಕೆಟ್ ಕೇಳಿ, ಕಂಡಕ್ಟರ್ ತಲೆ ಕೆರೆದುಕೊಂಡದ್ದು? ನೀನು ಬಿದ್ದು ಬಿದ್ದು ನಕ್ಕಿದ್ದೆ. ಅವ್ವನಿಗೆ ಊರಿನ ಹೆಸರೂ ಸರಿಯಾಗಿ ಬರಲ್ಲ ಎಂದುಕೊಂಡಿರಬೇಕು.

ಈಗ ನನ್ನ ತಲೆ ಕೆಟ್ಟು ಗೊಬ್ಬರವಾಗಿದೆ. ಇಷ್ಟು ಕಾಲ ಹೇಳದೆ ಕಾಪಾಡಿಕೊಂಡೆನಲ್ಲ, ಆದರೂ ಅವರು ಅರವತ್ತು ಕಾಣದೆ ಹೋದರು. ಹಾಗಾದರೆ ಹೇಳದೆ ಇದ್ದದ್ದರಿಂದ ಏನು ಬಂತು? ಇನ್ನು ಅವರ ಆಯಸ್ಸು ಸವೆಯಲು ಏನುಳಿದಿದೆ? ಸರಿ, ಹೇಳಿಬಿಡೋಣ ಅಂದುಕೊಳ್ಳುತ್ತೇನೆ. ಮರುಗಳಿಗೆಗೇ, ಹೆಸರು ಈಗ ಮಗುವಿನದ್ದಲ್ಲವಾ, ಸವೆದರೆ ಯಾರದ್ದು ಸವೆಯುತ್ತದೆ ಎಂದು ಹೆದರುತ್ತೇನೆ. ಥೂ, ಬಿಡ್ತು ಅನ್ನು. ನಮ್ಮ ಬೀದಿಯ ಹಿರಿಯಾಕೆ ವಿಶಾಲಾಕ್ಷಮ್ಮನನ್ನು ಕೇಳಿದೆ. ಏನೂ ಆಗಲ್ಲ ಕಣಮ್ಮಿ, ಅದೆಲ್ಲ ಹಳೇ ಕಾಲದ್ದು ಎಂದು ನನಗೇ ಬೈದರು. ಅಷ್ಟರಲ್ಲಿ ಅವರ ಮೊಮ್ಮಗ ಓಡಿ ಬಂದ. ಅವನಿಗೂ ಅಜ್ಜನ ಹೆಸರೇ. ಅವರು ಅವನನ್ನು ಬಾಯ್ತುಂಬ ಯಜಮಾನ್ರೇ ಬನ್ನಿ ಎಂದು ಕರೆದರು. ಇನ್ನು ಯಾರನ್ನು ಕೇಳಲಿ, ಹೇಳು.

ಇನ್ನೊಂದು ಗೊಂದಲವಿದೆ. ಸರಿಯಾಗಿ ಹೇಳು ಎನ್ನುತ್ತೀಯಲ್ಲ, ಯಾವುದು ಸರಿ? ನಿಮ್ಮಜ್ಜಿ ಗಿರ್ಯಾ ಎಂದು ಕೂಗುತ್ತಿದ್ದರು. ಅಂಗಡಿಯ ಮಲಯಾಳಿ ಗಿರಿಯೇಟ ಎನ್ನುತ್ತಿದ್ದ. ತೋಟದ ಸಾಹುಕಾರರು ಇಂಗ್ಲಿಷ್ ಬೆರೆಸಿ ಮಿಸ್ಟರ್ ಗೀರಿ. ಮಾರಿಯದ್ದು ಗೊತ್ತೇ ಇದೆ. ನಿಮ್ಮಪ್ಪ ಎಲ್ಲದಕ್ಕೂ, ಎಷ್ಟೇ ದೂರದಲ್ಲಿದ್ದರೂ, ಓ ಎನ್ನುತ್ತಿದ್ದರು. ಒಬ್ಬರನ್ನೂ ತಿದ್ದಿದ್ದು ನಾನು ನೋಡಿಲ್ಲ. ಕರೆದವರ ಕೆಲಸವಾದರೆ ಸಾಕಿತ್ತು ಅವರಿಗೆ.

ಹೋದ ಭಾನುವಾರ ನೀನು ವಿಡಿಯೋದಲ್ಲಿ ಮಗುವನ್ನು ಚಾಪೆಯ ಮೇಲೆ ಕೂರಿಸಿದ್ದೆಯಲ್ಲ, ಅವತ್ತಿನದ್ದು ಕೇಳು. ನಿನ್ನ ಅತ್ತೆ ಒಂದು ಥರ ಕರೆದರು, ತಿರುಗಿದ. ಬ್ರೆಂಡನ್ ಇನ್ನೊಂದು ಥರ ಕರೆದರು, ತಿರುಗಿ ನಕ್ಕ. ಥೇಟ್ ಅವನಜ್ಜನೇ. ನಾನು ಇಲ್ಲಿಂದ ಅಯ್ಯಾ, ನಮ್ಮಯ್ಯಾ, ಚಿನ್ನಾ ಎಂದು ಗಂಟಲು ಹರಿಯುವ ಹಾಗೆ ಕರೆದೆ. ಅವನು ಆಟಿಕೆ ಕಚ್ಚುತ್ತಾ ಕೂತಿದ್ದ. ಊರೂರಿನವರು ಬಾಯಿಗೆ ಬಂದ ಹಾಗೆ ಕರೆದರೂ ಅವನಿಗೆ ಗೊತ್ತಾಗುತ್ತದೆ. ಅವನನ್ನು ಹೆಸರು ಹಿಡಿದು ಕರೆಯದವಳು ನಾನೊಬ್ಬಳೇ.

ಅದಕ್ಕೇ ಬೇಡಿಕೊಳ್ಳುತ್ತೇನೆ, ಶುಕ್ರವಾರ ಹೋಗಬೇಡ. ಹೆಸರು ಬದಲಾಯಿಸಬೇಡ. ಯಾರು ಹೇಗೆ ಕರೆದರೂ ಕರೆಯಲಿ ಬಿಡು. ನನ್ನ ಬಾಯಿಂದ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಪ್ರಯತ್ನ ಮಾಡುತ್ತೇನೆ. ಬರಲಿಲ್ಲವೆಂದರೆ ಆಗ ನಿನ್ನಿಷ್ಟ. ಅಲ್ಲ, ಆಗಲೂ ಬದಲಾಯಿಸಬೇಡ.

ಅಳಿಯಂದಿರಿಗೂ ಅವರ ತಾಯಿಗೂ ನನ್ನ ನಮಸ್ಕಾರ.

ನಿನ್ನ ಹೆಸರನ್ನಾದರೂ ಬಾಯ್ತುಂಬ ಕರೆಯುವ,
ನಿನ್ನ ಅವ್ವ
ಸಿದ್ದಮ್ಮ

ಮರೆತಿದ್ದು: ಕಾಗದ ಮಡಚಿಟ್ಟು, ಸಂಜೆ ಕಾಫಿ ಹರವಿದ ಕಣಕ್ಕೆ ಒಬ್ಬಳೇ ಹೋದೆ. ಇದರ ಜೊತೆಗೆ ಒಂದು ರೆಕಾರ್ಡಿಂಗ್ ಬರುತ್ತದೆ. ಮೊದಲು ನನ್ನ ಕೆಮ್ಮು ಇದೆ, ಆಮೇಲೆ ಹೆಸರಿದೆ. ಸ್ವಲ್ಪ ನಿಮ್ಮಜ್ಜಿಯ ಹಾಗೆ, ಸ್ವಲ್ಪ ಮಾರಿಯ ಹಾಗೆ ಬಂದಿದೆ, ಸರಿಯೋ ತಪ್ಪೋ ತಿಳಿಯದು. ಆಯಸ್ಸಿನ ಹೆದರಿಕೆ ನಿಜವೇ, ಆದರೆ ನಿನಗೆ ಇನ್ನೊಂದು ಹೇಳಿರಲಿಲ್ಲ. ನಾನು ಬಾಯಿ ಬಿಟ್ಟು ಹೇಳುವವರೆಗೆ ಅವರು ಎಲ್ಲೋ ತೋಟದ ಆ ಕಡೆ ಇದ್ದಾರೆ ಎಂದೇ ನನಗೆ ಅನಿಸುತ್ತಿತ್ತು. ರೆಕಾರ್ಡಿಂಗಿನ ಕೊನೆಯಲ್ಲಿ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ. ಫೋನ್ ಕೆಟ್ಟಿಲ್ಲ. ಓ ಎನ್ನುತ್ತಾರೇನೋ ಎಂದು ಕಾದಿದ್ದೆ. ಅದನ್ನು ಕತ್ತರಿಸದೆ ಮಗುವಿಗೆ ಕೇಳಿಸು. ಆ ಜಾಗ ಬಂದಾಗ ಅವನು ಏನಾದರೂ ಸದ್ದು ಮಾಡಿದನಾ, ನೋಡಿ ಹೇಳು.