ಎರವಲು ಪಾಪ

ಅಡುಗೆಮನೆಯ ಮೇಜಿನಿಂದ,
ಸೋಮವಾರ, ಬೆಳಗಿನ ಜಾವ ಎರಡೂಕಾಲು

ಪ್ರೀತಿಯ ಅಕ್ಕಾ,

ಎರಡು ಗಂಟೆಗೆ ಕಿರ್ ಕಿರ್ ಎಂಬ ಸದ್ದಿಗೆ ಎಚ್ಚರವಾಯಿತು. ತೊಟ್ಟಿಲಿರಬೇಕೆಂದು ಕೈ ಚಾಚಿದೆ. ಮಗು ಅಪರೂಪಕ್ಕೆ ನಿದ್ದೆ ಹೋಗಿತ್ತು. ಸದ್ದು ನಿನ್ನ ಮಗಳ ಶೂಗಳದ್ದು. ಸಮವಸ್ತ್ರ ತೊಟ್ಟು, ಜಡೆ ಹೆಣೆದುಕೊಂಡು, ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದಳು. "ಅಭ್ಯಾಸ ಮಾಡ್ತಿದೀನಿ ಚಿಕ್ಕಮ್ಮ. ಬೆಳಿಗ್ಗೆ ಸ್ಕೂಲಲ್ಲಿ ಮದರ್ ಮುಂದೆ ಕಾಲು ನಡುಗಬಾರದಲ್ಲ" ಅಂದಳು.

ಮೊದಲು ನೀನು ಹೇಗಿದ್ದೀಯ ಹೇಳು. ಪಾದದ ಊತ ಇಳಿಯಿತೇ? ರಾತ್ರಿ ಪಾಳಿಯಲ್ಲಿ ಬಿಸಿಯಾದದ್ದೇನಾದರೂ ತಿನ್ನುತ್ತೀಯೋ, ಇಲ್ಲ ರೋಗಿಗಳು ಬಿಟ್ಟ ಬಿಸ್ಕತ್ತೇ ಗತಿಯೋ? ವಾರ್ಡಿನಲ್ಲಿ ನರ್ಸುಗಳು ಫೋನ್ ಮುಟ್ಟುವಂತಿಲ್ಲ, ಚಹಾ ಬಿಡುವಿನಲ್ಲಿ ಕಂಪ್ಯೂಟರ್ ನೋಡುತ್ತೀಯೆಂದು ಇದನ್ನು ಕಳಿಸುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಮನೆಯವರು ಗೊರಕೆ ಹೊಡೆಯುತ್ತಿದ್ದಾರೆ, ಅದನ್ನೂ ಕ್ಷೇಮಕ್ಕೇ ಸೇರಿಸಿಕೋ.

ನಾವು ಓದಿದ ಕಾನ್ವೆಂಟ್ ಶಾಲೆಯಲ್ಲಿ ಈಗ ಶಿಸ್ತು ನೋಡಿಕೊಳ್ಳುವ ಸಿಸ್ಟರ್ ಇದ್ದಾರಲ್ಲ, ಅವರ ಶೂ ಹೆಜ್ಜೆಗೊಮ್ಮೆ ಕಿರುಗುಟ್ಟುತ್ತಿತ್ತು. ನಿನ್ನ ಮಗಳು ಮತ್ತವಳ ಗೆಳತಿಯರಾದ ಉದ್ದಕ್ಕ, ಗುಬ್ಬಿ, ಈ ಮೂವರಿಗೂ ಅದೇ ಎಚ್ಚರಿಕೆಯ ಗಂಟೆ. ಸದ್ದು ಕೇಳಿದ್ದೇ ತಡ ಹರಟೆ ನಿಂತು ಮೂವರ ಕೈಗೂ ಜಪಮಾಲೆ ಬರುತ್ತಿತ್ತು. ಹೋದ ತಿಂಗಳು ಶೂ ರಿಪೇರಿಯಾಯಿತು. ಸಿಸ್ಟರ್ ಬೆಕ್ಕಿನ ಹಾಗೆ ಬಂದು ಬೆನ್ನ ಹಿಂದೆ ನಿಲ್ಲತೊಡಗಿದರು, ಇವರು ದಿನಾ ಸಿಕ್ಕಿಬೀಳತೊಡಗಿದರು. "ಶೂಗೆ ಮಾತು ವಾಪಸ್ ತರಿಸ್ಬೇಕು ಕಣ್ರೇ" ಎಂದು ತೀರ್ಮಾನಿಸಿದವಳು ಗುಬ್ಬಿ. ಒಂದು ಶನಿವಾರ ಮಧ್ಯಾಹ್ನ, ಉಳಿದವರೆಲ್ಲ ಹಾಡಿನ ಅಭ್ಯಾಸದಲ್ಲಿದ್ದಾಗ, ಪಾಲಿಶ್ ಹಾಕಲು ಹೊರಗಿಟ್ಟಿದ್ದ ಶೂಗಳನ್ನು ಉಪ್ಪುನೀರಿನಲ್ಲಿ ನೆನೆಸಿ ಬಿಸಿಲಿಗಿಟ್ಟಳು. ಮಾತು ಬರಲಿಲ್ಲ, ಅಂಟು ಬಿಟ್ಟಿತು. ಮೊನ್ನೆ ಚಾಪೆಲ್ ಮೆಟ್ಟಿಲ ಮೇಲೆ ಅಟ್ಟೆ ಕಿತ್ತುಬಂದು ಸಿಸ್ಟರ್ ಬಿದ್ದರು. ಮಣಿಕಟ್ಟು ಮುರಿದಿದೆ. ಶೂ ಒಳಗೆ ಉಪ್ಪು ಬೆಳ್ಳಗೆ ಕಟ್ಟಿಕೊಂಡಿತ್ತಂತೆ. ಯಾರೆಂದು ಮದರ್ ಕೇಳಿದಾಗ ನಿನ್ನ ಮಗಳು ಎದ್ದು ನಿಂತು "ನಾನೊಬ್ಳೇ" ಅಂದಳು.

ಅಕ್ಕಾ, ಆ ಮಧ್ಯಾಹ್ನ ಅವಳು ಅಭ್ಯಾಸ ತಪ್ಪಿಸಿ ನಮ್ಮ ಮನೆಯಲ್ಲೇ ಮಗುವನ್ನು ಎತ್ತಿಕೊಂಡಿದ್ದಳು. ಹೆರಿಗೆಯಾದ ಮೇಲೆ ನಾನು ಕಣ್ತುಂಬ ನಿದ್ದೆ ಮಾಡಿದ್ದು ಅದೊಂದೇ ಸಲ. ನನ್ನ ಹೆಸರು ಮರೆತರೂ ಆ ನಿದ್ದೆಯನ್ನು ಮರೆಯಲಾರೆ. ಅದನ್ನೇ ಅವಳಿಗೆ ಹೇಳಿದರೆ, "ಗುಬ್ಬೀದು ಫ್ರೀ ಸೀಟು. ಅವಳ ಓದೇ ನಿಂತುಹೋಗುತ್ತೆ. ಅಮ್ಮ ಮಾಡಿದ್ದನ್ನೇ ನಾನೂ ಮಾಡ್ದೆ, ಎರವಲು ಪಾಪ. ನೀನು ಬಾಯಿ ಬಿಟ್ರೆ ನಾನು ಈ ಮನೇಲಿರಲ್ಲ" ಅನ್ನುತ್ತಾಳೆ.

ಆ ಕಥೆ ಹೇಳಿ ಅವಳನ್ನು ನಗಿಸುತ್ತಿದ್ದವಳು ನೀನೇ. ಪಾಪನಿವೇದನೆಗೆ ಸಾಲು ನಿಂತಾಗ, ಹೆಚ್ಚು ಪಾಪ ಮಾಡಿದವಳು ಏನೂ ಮಾಡದವಳಿಗೆ ಒಂದೆರಡನ್ನು ಎರವಲು ಕೊಡುವುದು, ಪಾದ್ರಿಗಳು ತಬ್ಬಿಬ್ಬಾಗಿ "ನಿನಗೆ ತಮ್ಮನೇ ಇಲ್ವಲ್ಲಮ್ಮ, ಹೊಡೆದದ್ದು ಯಾರನ್ನ?" ಎಂದದ್ದು. ಕೊನೆಗೆ ನಿನ್ನ ಜೀವದ ಗೆಳತಿ ಗೋಡೆ ಹಾರಿದ್ದನ್ನು ನಿನ್ನ ತಲೆಗೆ ಹಾಕಿಕೊಂಡು ಶಾಲೆಯಿಂದ ಹೊರಬಿದ್ದೆ. ಕಥೆಯನ್ನು ನೀನು ಅಲ್ಲಿಗೆ ನಿಲ್ಲಿಸುತ್ತೀಯ. ಅವಳು ಚಪ್ಪಾಳೆ ತಟ್ಟುತ್ತಾಳೆ.

ಎಂಟಕ್ಕೆ ಮದರ್ ನನ್ನನ್ನೂ ಕರೆದಿದ್ದಾರೆ. ಇವಳನ್ನು ಶಾಲೆಯಿಂದ ತೆಗೆಯುವುದೆಂದು ಆಗಿದೆಯಂತೆ. ಆ ಶನಿವಾರ ಹಾಡಿನ ಅಭ್ಯಾಸಕ್ಕೆ ಬಾರದವರು ಇವರಿಬ್ಬರೇ. ನಾನು ನಿದ್ದೆಯ ವಿಷಯ ಹೇಳಿದರೆ ಗುಬ್ಬಿ ಹೋಗುತ್ತಾಳೆ, ಹೇಳದಿದ್ದರೆ ನಿನ್ನ ಮಗಳು.

ಮಗು ನಿನ್ನ ಫೋಟೊ ಕಂಡರೆ ಈಗಲೂ ಅಳುತ್ತದೆ, ಬೇಗ ಬಂದು ಪರಿಚಯ ಮಾಡಿಕೋ. ಹೊಟ್ಟೆ ಖಾಲಿ ಬಿಡಬೇಡ, ಕಾಲು ಎತ್ತರದಲ್ಲಿಟ್ಟು ಮಲಗು.

ನಿನ್ನ,
ಚಿಕ್ಕವಳು

ಮರೆತೆ: ಕಥೆಯ ಉಳಿದರ್ಧ ನನಗೆ ಗೊತ್ತು. ನೀನು ಉಳಿಸಿದ ಆ ಗೆಳತಿ ಆಮೇಲೆ ನಿನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ನೀನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಎರಡು ದಿನದಿಂದ ಗುಬ್ಬಿ ಇವಳ ಫೋನ್ ಎತ್ತುತ್ತಿಲ್ಲ. "ಪಾಪ, ಓದ್ಕೋತಿರ್ಬೇಕು" ಅನ್ನುತ್ತಾಳೆ ಇವಳು. ನಾನು ಹೇಳಿದರೆ ಚಾಡಿಯಾಗುತ್ತದೆ. ಆ ಅರ್ಧ ನಿನ್ನದು, ನೀನೇ ಹೇಳಬೇಕು. ಆಮೇಲೂ ಅವಳು ಹೀಗೇ ಮಾಡುತ್ತೇನೆಂದರೆ ನಾನು ಬಾಯಿ ಬಿಡುವುದಿಲ್ಲ. ಶೂ ಸದ್ದು ಇನ್ನೂ ನಿಂತಿಲ್ಲ. ಬೆಳಗಾಗುವ ಮೊದಲು ವಾರ್ಡಿನಿಂದ ಹೊರಬಂದು ಫೋನ್ ಮಾಡು ಅಕ್ಕಾ, ನನಗಲ್ಲ, ಅವಳಿಗೆ. ನಿನ್ನ ದಮ್ಮಯ್ಯ, ಮಾಡು.